ನನ್ನ ಹೆಸರಿನ ಮುಂದಿನ ಸೊನ್ನೆ

...ಅಲ್ಲ ಅಕ್ಕಾ, ಬೇಜಾರು ಮಾಡ್ಕೋಬೇಡ, ಮತ್ತೆ ಮೊದಲಿಂದ ಹೇಳ್ತೀನಿ. ನೀನು ತೀರ್ಕೊಂಡು ವರ್ಷ ಆಯ್ತು, ನಿನ್ನ ಈ ಫೋನ್ ನಂಬರ್ ಮಾತ್ರ ಅಳಿಸೋಕಾಗ್ಲಿಲ್ಲ.

ಮಗಳಿಗೆ ಇನ್ಫರ್ಮೇಶನ್ ಸಿಸ್ಟಮ್ಸ್ ಡಿಗ್ರಿಗೆ ಸೀಟು ಸಿಕ್ಕಿದೆ. ಈಗಷ್ಟೇ ಇಬ್ರೂ ಕೂತು ಖರ್ಚು-ಸಾಲದ ಪಟ್ಟಿ ಮಾಡ್ತಿದ್ವಿ. ಫೀಸಿಗೆ ಸಾಲ ಎಷ್ಟು, ಓದಿದವರಿಗೆ ಸಂಬಳ ಎಷ್ಟು ಅಂತ ಲೆಕ್ಕ ಹಾಕಿದ್ರೆ, ತೀರೋಕೆ ಒಂಬತ್ತು ವರ್ಷ ಬೇಕು.

"ಅಪ್ಪಾ, ನಿನ್ನ ಡಿಗ್ರಿ ಸಾಲ ಯಾವಾಗ ತೀರ್ತು?" ಅಂದ್ಳು.

"ನಂಗೆಲ್ಲಿ ಸಾಲ ಇತ್ತೇ!" ಅಂತ ಜಂಬ ಕೊಚ್ಚಿದೆ. ಅವಳು ಪಟ್ಟೀಲಿ ನನ್ನ ಹೆಸರೂ ಸೇರಿಸಿ, ಅದರ ಮುಂದೆ ಪೆನ್ಸಿಲ್ಲಲ್ಲಿ ಸೊನ್ನೆ ಬರೆದ್ಳು.

ನರ್ಸಿಂಗ್ ಸೀಟು ಬಿಟ್ಟು, ನನ್ನ ಫೀಸಿಗೋಸ್ಕರ ಏಳು ವರ್ಷ ಬಟ್ಟೆ ಅಂಗಡೀಲಿ ನಿಂತೆಯಲ್ಲ ನೀನು. ಕಾಲು ಊದ್ಕೊಂಡ್ರೆ "ಯಜಮಾನ್ರು ಕುರ್ಚಿ ಕೊಡಲ್ವಾ?" ಅಂತ ರೇಗಿಸ್ತಿದ್ದೆ ನಾನು.

"ಅಪ್ಪಾ, ಎಲ್ಲಿದೀಯಾ?"

ಬಂದೆ ಕಣೇ! ರಬ್ಬರ್ ತೆಗೆದಿಡು, ಆ ಸೊನ್ನೆ ತಪ್ಪು.

ಫೋನ್ ಇಡ್ತೀನಿ ಅಕ್ಕಾ.