ವಿಭೂತಿ ಬಳಿದ ಬೆಲ್ಟು

ಸಾದಲಿ
ಭಾನುವಾರ, ೨೦ ಅಕ್ಟೋಬರ್ ೨೦೨೪, ಸಂಜೆ

ಪ್ರೀತಿಯ ಭಾನುಪ್ರಿಯಾ,

ಇಲ್ಲಿ ನಾವಿಬ್ಬರೂ ಕ್ಷೇಮ. ಅಮ್ಮ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಳೆ. ಈ ಕಾಗದದ ವಿಷಯ ಅವಳಿಗೆ ಗೊತ್ತಿಲ್ಲ. ಗುರುವಾರ ನೀನು ಕಳಿಸಿದ ಫೋಟೋದಲ್ಲಿ ಕಂಡದ್ದನ್ನು ಇಷ್ಟು ದಿನ ನಿನಗೆ ಬಿಡಿಸಿ ಹೇಳಲಿಲ್ಲ. ಕ್ಷಮಿಸು.

ತೊಂಡೇಬಾವಿಯ ಕರೆಂಟ್ ಕಂಬದ ಮೇಲೆ ನೀನು ನಗುತ್ತಿದ್ದೀಯ. ಸೊಂಟದಲ್ಲಿ, ಕಂಬಕ್ಕೆ ಬಿಗಿದುಕೊಳ್ಳುವ ನನ್ನ ಹಳೆಯ ಚರ್ಮದ ಬೆಲ್ಟು. ನಿನಗೆ ಲೈನ್ ಕೆಲಸ ಸಿಕ್ಕಾಗ ನಾನೇ ಕೊಟ್ಟದ್ದು. ಮೊನ್ನೆ ಆಯುಧಪೂಜೆಗೆ ಅದನ್ನು ಊರಿಗೆ ತಂದಾಗ ವಿಭೂತಿ ಬಳಿದವನೂ ನಾನೇ. ಫೋಟೋ ದೊಡ್ಡದು ಮಾಡಿ ನೋಡಿದೆ. ಕಬ್ಬಿಣದ ಬಳೆ ಬೆಲ್ಟಿಗೆ ಸೇರುವ ಕಡೆ ವಿಭೂತಿ ಬಿರುಕು ಬಿಟ್ಟಿದೆ. ಒಣಗಿದ ವಿಭೂತಿ ಉದುರುತ್ತದೆ. ಹಾಗೆ ನೇರ ಗೆರೆಯಾಗಿ ಒಡೆಯುವುದಿಲ್ಲ. ಕೆಳಗೆ ಹೊಲಿಗೆ ಬಿಡುತ್ತಿದೆ.

ಅಂದೇ ಫೋನ್ ಮಾಡಿ, "ಆ ಬೆಲ್ಟು ಬೇಡ ಕಣಮ್ಮ, ಆಫೀಸಲ್ಲಿ ಕೊಟ್ಟಿದ್ದು ಹಾಕ್ಕೋ" ಅಂದೆ.

"ಅದಿನ್ನೂ ಕವರಲ್ಲೇ ಇದೆ ಬಿಡಪ್ಪ. ಇಪ್ಪತ್ತೆಂಟು ವರ್ಷ ನಿನ್ನ ಬೀಳಿಸದ ಬೆಲ್ಟು ನನ್ನ ಬೀಳಿಸುತ್ತಾ? ಇಲ್ಲಿ ಎಲ್ರಿಗೂ ಹೊಟ್ಟೆಕಿಚ್ಚು ಗೊತ್ತಾ!" ಎಂದು ನೀನು ನಕ್ಕೆ.

ಊಟ ಆಯಿತೇ ಎಂದು ಕೇಳಿ ಫೋನಿಟ್ಟೆ. ಶುಕ್ರವಾರ, ಶನಿವಾರ ನೀನು ಅದನ್ನೇ ಕಟ್ಟಿಕೊಂಡು ಕಂಬ ಏರಿರಬೇಕು.

ಚೆನ್ನರಾಯಪ್ಪ ನಿನಗೆ ನೆನಪಿರಲಾರ. ನನ್ನ ಜೊತೆಯ ಲೈನ್‌ಮನ್. ಹತ್ತೊಂಬತ್ತು ವರ್ಷದ ಹಿಂದೆ, ಆಯುಧಪೂಜೆಯ ಬೆಳಿಗ್ಗೆ, ಅವನ ಬೆಲ್ಟಿನ ಹೊಲಿಗೆ ಕಿತ್ತದ್ದು ಕಂಡು ಕತ್ತರಿಸಿ ಎಸೆಯಲು ಹೋದೆ. "ಹಬ್ಬದ ದಿನ ಅನ್ನ ಕೊಡೋ ಸಾಮಾನು ಕತ್ತರಿಸ್ತಾರೇನೋ? ಮೊದ್ಲು ಪೂಜೆ ಮಾಡು, ಆಮೇಲೆ ನೋಡಣ" ಅಂದ. ಕಿತ್ತ ಹೊಲಿಗೆಯ ಮೇಲೇ ವಿಭೂತಿ ಬಳಿದೆ. ಪೂಜೆ ಮಾಡಿದ್ದನ್ನು ಒರೆಸುವುದುಂಟೆ? ಯಾರೂ ಒರೆಸಲಿಲ್ಲ, ಯಾರೂ ನೋಡಲಿಲ್ಲ. ಹತ್ತನೆಯ ದಿನ ಕೆರೆಕಟ್ಟೆಯ ಕಂಬದಿಂದ ಬಿದ್ದು ಸತ್ತ.

ನಿನ್ನ ಬೆಲ್ಟಿಗೆ ನಾಳೆ ಹತ್ತನೆಯ ದಿನ. ಲೆಕ್ಕ ಹಾಕಬಾರದು ಅಂದುಕೊಂಡೂ ಹಾಕಿದೆ.

ಯಾವ ಬೆಲ್ಟಾದರೂ ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದು ಹೊಲಿಗೆ ನೋಡು. ಕಂಬದ ಬುಡದಲ್ಲೇ ಕೊಕ್ಕೆ ಹಾಕಿ, ಹಿಂದಕ್ಕೆ ವಾಲಿ ಭಾರ ಕೊಟ್ಟು ನೋಡು. ದೇವರು ಕೋಪಿಸಿಕೊಳ್ಳುವುದಿಲ್ಲ. ನಾಳೆ ನಾನೇ ಬಂದು ಈ ಕಾಗದ ಕೊಟ್ಟು ಆ ಬೆಲ್ಟು ತೆಗೆದುಕೊಂಡು ಹೋಗುತ್ತೇನೆ.

ಪ್ರತಿ ಸಲವೂ ಹತ್ತಿದ ಹಾಗೆಯೇ ಇಳಿದು ಬಾ, ಮಗಳೇ.

ನಿನ್ನ ಅಪ್ಪ,
ಮುನಿವೆಂಕಟಪ್ಪ

ಮತ್ತೆ: ಮೇಲೆ ಬರೆಯಲು ಕೈ ಬರಲಿಲ್ಲ. ಚೆನ್ನರಾಯಪ್ಪ ಕೊಕ್ಕೆ ಹಾಕಿರಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದವನು ನಾನು. ಅವನ ಹೆಂಡತಿ ಆಂಜಿನಮ್ಮ ಇವತ್ತಿಗೂ, "ನಮ್ಮ ಯಜಮಾನ್ರಿಗೆ ಯಾವಾಗ್ಲೂ ಅವಸರ" ಅನ್ನುತ್ತಾರೆ. ಅವನು ಹಾಕಿದ್ದ. ಬೆಲ್ಟು ಹರಿದು ಅವನು ಬಿದ್ದ ಮೇಲೂ ಕೊಕ್ಕೆ ಕಂಬದಲ್ಲೇ ಇತ್ತು. ಹೊಲಿಗೆಯ ವಿಷಯ ಹೊರಬೀಳದಿರಲೆಂದು ಮೇಲೆ ಹತ್ತಿ ಅದನ್ನು ಬಿಚ್ಚಿದವನು ನಾನು. ಗುರುವಾರ ಫೋನಿನಲ್ಲಿ ನನ್ನ ಬಾಯಿ ಕಟ್ಟಿದ್ದು ಇದೇ.

ಮೊದಲ ಬಸ್ಸು ಹಿಡಿದರೂ ತೊಂಡೇಬಾವಿ ಮುಟ್ಟುವಾಗ ಒಂಬತ್ತೂವರೆ. ನೀನು ಒಂಬತ್ತಕ್ಕೇ ಕಂಬದ ಹತ್ತಿರ ಇರುತ್ತೀಯ. ಅದಕ್ಕೇ, ಬೆಳಗಾಗುವವರೆಗೆ ಕಾಯದೆ ಇದನ್ನೆಲ್ಲ ಈಗಲೇ ಫೋನಿನಲ್ಲಿ ನಿನಗೆ ಓದಿ ಹೇಳಬೇಕೆಂದು ತೀರ್ಮಾನಿಸಿದ್ದೇನೆ. ಫೋನು ಪಕ್ಕದಲ್ಲೇ ಇದೆ.