ಪಟ್ಟಿಯಲ್ಲಿಲ್ಲದ ಬ್ರೇಕು

ಮಾರ್ಚ್ 14, ಶುಕ್ರವಾರ

ಹೊಸ ಸ್ಪೋರ್ಟಿ ಕಾರಿಗೆ ಏನೇನು ಹಾಕಿಸಬೇಕೆಂಬ ಪಟ್ಟಿ ಇವತ್ತೂ ಮುಗಿಯಲಿಲ್ಲ. ಟರ್ಬೊ, ಎಕ್ಸಾಸ್ಟ್, ಇಂಜಿನ್ ಟ್ಯೂನಿಂಗ್ ಎಂದು ವಿಡಿಯೊ ನೋಡಿ ನೋಡಿ ಕಣ್ಣು ಉರಿಯುತ್ತಿದೆ. ಕುರಿಚಿಯ ಮೆಕ್ಯಾನಿಕ್ ಹರಿಹರನ್ ನನ್ನ ಪಟ್ಟಿಯನ್ನೆಲ್ಲ ಓದಿ, ಬ್ರೇಕು, ಟೈರು ಏಕೆ ಬರೆದಿಲ್ಲ ಎಂದು ಕೇಳಿದ. ನನಗೆ ರೇಗಿತು.

ಮನೆಗೆ ಬಂದು ದೂರಿದರೆ ಅಪ್ಪ ನಗಲಿಲ್ಲ. "ಅವತ್ತು ಮಗ್ಗದ ಮೋಟರ್‌ಗೆ ದೊಡ್ಡ ಪುಲ್ಲಿ ಹಾಕ್ದೆಯಲ್ಲ, ಗ್ಯಾಪ್ಕ ಐತಾ, ಕಣ್ಣು?" ಎಂದು ಮುದ್ದಿನಿಂದಲೇ ಕೇಳಿದರು.

ಇದೆ. ಆ ದೊಡ್ಡ ಚಕ್ರಕ್ಕೆ ಮಗ್ಗ ಜೋರಾಗಿ ಓಡಿತು, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿದವು. ಮೂರು ದಿನ ಅಪ್ಪ ಬಗ್ಗಿ ಕೂತು ಒಂದೊಂದೇ ಎಳೆಗೆ ಗಂಟು ಹಾಕಿದರು.

ಬರೀ ವೇಗ ಹೆಚ್ಚಿಸಿ ಒಮ್ಮೆ ಕೆಡಿಸಿದ್ದು ಸಾಕು. ಪಟ್ಟಿಯಿಂದ ಟರ್ಬೊ ಹೊಡೆದುಹಾಕಲು ಮನಸ್ಸು ಬರಲಿಲ್ಲ. ಬ್ರೇಕನ್ನು ಮಾತ್ರ ಎಲ್ಲಕ್ಕಿಂತ ಮೇಲೆ ಬರೆದೆ. ಭಾನುವಾರ ಕಾರಮಡೈಗೆ ಹೋಗುವಾಗ ಪಕ್ಕದ ಸೀಟಿನಲ್ಲಿ ಕೂರುವವರು ಅಪ್ಪ.