ಸಬೀರಾ ಮೊದಲು ಕಂಡದ್ದು

ಜಕ್ಕೂರು
14 ಆಗಸ್ಟ್ 2024

ಪ್ರೀತಿಯ ಸಬೀರಾ,

ಹೇಗಿದ್ದೀಯ? ಭಟ್ಕಳದ ಶಾಲೆ ಒಗ್ಗಿತೇ? ನಿನ್ನ ಅಮ್ಮಿಯ ಮಂಡಿನೋವು ಹೇಗಿದೆ? ನಾಲ್ಕು ತಿಂಗಳು ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಈ ಕಾಗದವನ್ನೂ ಮೂರು ಸಲ ಬರೆದು ಹರಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಕೆರೆ ಏರಿಯ ಮೇಲೆ ನಾಲ್ಕನೇ ಸುತ್ತು ಹೊರಟಾಗ ಅಪ್ಪ ಎದುರಾಗಿ, “ಯಾಕವ್ವ, ಇಂಗೆ ಸುತ್ತಿದ್ರೆ ಏನ್ ಸಿಕ್ತದೆ? ಮನೇಗ್ ನಡಿ” ಎಂದರು.

ನಮ್ಮ ಅಬಲೋನಿಗಳ ಸುದ್ದಿ ಹೇಳಬೇಕು. ನೀನು ಕನ್ಯಾಕುಮಾರಿಯ ಬಂಡೆಗಳಿಂದ ತಂದಿದ್ದ, ಕಿವಿಯಾಕಾರದ ಚಿಪ್ಪಿನ ಆ ಸಮುದ್ರದ ಬಸವನಹುಳುಗಳು. ಸಮುದ್ರವಿಲ್ಲದ ಈ ಊರಿನ ಲ್ಯಾಬಿನಲ್ಲಿ ಉಪ್ಪುನೀರು ಕಲಸಿ ಇಬ್ಬರೂ ಸಾಕಿದೆವಲ್ಲ. ಎಲ್ಲವೂ ಒಂದೇ ಜಾತಿ ಎಂದುಕೊಂಡು ನಾನು ಚಿಪ್ಪಿನ ತೂತುಗಳನ್ನು ಎಣಿಸುತ್ತಿದ್ದೆ. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು. ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ಆಗ ನೀನು ತೊಟ್ಟಿಯ ಮೇಲೆ ಬಗ್ಗಿ, “ತೂತು ಬಿಡೇ ನಯನಾ, ಕಲ್ಲಿಗೆ ಅಂಟೋ ಆ ಕಾಲು ನೋಡು. ಇದರ ಅಂಚು ನುಣ್ಣಗಿದೆ, ಅದರದ್ದು ಜಾಲರಿ ಥರ ಇದೆ. ಇವೆರಡೂ ಒಂದೇ ಅಲ್ಲ ಕಣೇ” ಎಂದೆ. ಮರುವಾರ ಶಾಲೆಯ ಕೆಲಸ ಸಿಕ್ಕಿ ನೀನು ಹೊರಟುಹೋದೆ.

ನೀನು ಹೇಳಿದ್ದೇ ನಿಜವಾಯಿತು. ಮುನ್ನೂರು ಪ್ರಾಣಿಗಳನ್ನು ಒಂದೊಂದಾಗಿ ಹೋಲಿಸಿದೆ. ನೀರು ಬಿಸಿಯಾದರೂ ಜಾಲರಿಯಂಚಿನದು ಕಲ್ಲು ಬಿಡುವುದಿಲ್ಲ. ನುಣುಪಿನದು ಎರಡು ಡಿಗ್ರಿ ಏರಿದರೆ ಸಾಕು, ಹಿಡಿತ ತಪ್ಪಿ ಮಗುಚಿಕೊಳ್ಳುತ್ತದೆ. ಡಿಎನ್‌ಎಯೂ ಬೇರೆ. ಹತ್ತಿರದ ನೆಂಟರು, ಆದರೆ ಎರಡು ಜಾತಿ.

ಏಪ್ರಿಲ್‌ನಲ್ಲಿ ಈ ಬಗ್ಗೆ ನನ್ನ ಪ್ರಬಂಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ನಿನ್ನ ಹೆಸರಿರಲಿಲ್ಲ. ಅದನ್ನು ನೋಡಿಯೇ ನೀನು ಮಾತು ಬಿಟ್ಟೆ ಎಂದು ಗೊತ್ತು. ನಮ್ಮ ಗೈಡ್ ಶೇಖರಪ್ಪ ಸರ್ ಬಿಟ್ಟುಬಿಟ್ಟರು, ಅವರ ಮಾತು ಮೀರಲು ನನಗೆ ಧೈರ್ಯವಾಗಲಿಲ್ಲ.

ಕಳೆದ ವಾರ ಅವರ ಕೋಣೆಗೆ ಹೋಗಿ, ತಿದ್ದುಪಡಿ ಕಳಿಸಬೇಕು, ಮೊದಲು ಗುರುತಿಸಿದ್ದು ಸಬೀರಾ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗ ಹೇಳ್ತಿದ್ದೀಯಲ್ಲಮ್ಮ. ನಿನ್ನ ಪಿಎಚ್‌ಡಿ ಮೇಲೇ ಪ್ರಶ್ನೆ ಬರುತ್ತೆ, ಯೋಚ್ನೆ ಮಾಡಿದ್ದೀಯಾ?”

“ಮಾಡಿದ್ದೀನಿ ಸರ್.”

ನೀನು ಲ್ಯಾಬಿನಲ್ಲಿ ಬಿಟ್ಟುಹೋಗಿದ್ದ ಟಿಪ್ಪಣಿ ಪುಸ್ತಕದ ಪುಟಗಳ ಸಮೇತ ಆ ಪತ್ರಿಕೆಗೆ ಬರೆದೆ. ನಿನ್ನ ಹೆಸರು ಸೇರಿಸಿ ತಿದ್ದುಪಡಿ ಹಾಕುತ್ತೇವೆಂದು ಇವತ್ತು ಉತ್ತರ ಬಂತು. ನನ್ನ ಪದವಿಯ ವಿಚಾರಣೆ ನಡೆಯಲಿದೆಯಂತೆ. ನಡೆಯಲಿ.

ಅಮ್ಮಿಗೆ ನನ್ನ ಸಲಾಂ. ನಿನ್ನ ತರಗತಿಯ ಹುಡುಗಿಯರಿಗೆ ನಿನ್ನಂಥ ಕಣ್ಣು ಬರಲಿ.

ನಿನ್ನ
ನಯನಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಕಾಗದ ಹರಿಯದೆ ಹಾಗೇ ಬಿಟ್ಟಿದ್ದೇನೆ. ನಿನ್ನ ಹೆಸರು ಬಿಟ್ಟದ್ದು ಶೇಖರಪ್ಪ ಸರ್ ಅಲ್ಲ. ಪ್ರಬಂಧ ಕಳಿಸುವ ದಿನ ಅವರು ಕೇಳಿದ್ದು ಇಷ್ಟೇ: “ಇದ್ರಲ್ಲಿ ಸಬೀರಾ ಏನ್ ಮಾಡಿದ್ಳು?” “ತೊಟ್ಟಿ ತೊಳೀತಿದ್ಳು ಸರ್” ಎಂದವಳು ನಾನು.